ಜೋಮು ಶುರುವಾದ ತಿಂಗಳು

"ಎಷ್ಟು ದಿನದಿಂದ ಇದೆ ಸರ್ ಈ ಬೆರಳಿನ ಜೋಮು?" ಎಂದು ಚಿಕ್ಕ ಡಾಕ್ಟರಮ್ಮ ಮೂರನೇ ಸಲ ಕೇಳಿದಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವಾರ ಒಂದು ಸಲ ಕೇಳಿದ್ದಳು, ನಿನ್ನೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವಾಗ ಇನ್ನೊಂದು ಸಲ, ಈಗ ಇನ್ನು ಮೂರು ಗಂಟೆಯಲ್ಲಿ ಕುತ್ತಿಗೆ ಕೊಯ್ಯುತ್ತಾರೆ ಅನ್ನುವಾಗ ಮತ್ತೆ ಅದೇ ರಾಗ. ಓದು ಮುಗಿಸಿ ಎರಡು ವರ್ಷವೂ ಆಗಿರಲಿಕ್ಕಿಲ್ಲ. ಕೈಯಲ್ಲಿದ್ದ ಫಾರಮ್ಮಿನ ಮೂಲೆ ಮಡಚಿಹೋಗಿತ್ತು, ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಜಜ್ಜಿಹೋಗಿತ್ತು, ಬಿಳಿ ಕೋಟಿನ ಎರಡನೇ ಗುಂಡಿಯನ್ನು ಕರಿ ದಾರದಲ್ಲಿ ಹೊಲಿದಿದ್ದರು. ಇಂಥವಳು ಕಾರ್ಖಾನೆಯಲ್ಲಿ ಅವನ ತಪಾಸಣೆ ಮೇಜಿಗೆ ಬಂದಿದ್ದರೆ ಫೇಲಾದ ತುಂಡಿನ ಹಾಗೆ ಎರಡು ಬೆರಳಲ್ಲಿ ಎತ್ತಿ ಕೆಂಪು ಡಬ್ಬಕ್ಕೆ ಹಾಕಿರುತ್ತಿದ್ದ. "ಎರಡು ತಿಂಗಳು," ಅಂದ. "ಕರೆಕ್ಟಾಗಿ ಎರಡೇನಾ ಸರ್?" "ಎರಡು ಅಂದ್ರೆ ಎರಡು. ಬರ್ಕೊಳಮ್ಮ." ಅವಳು ಬರೆದುಕೊಂಡು ಹೋದಳು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಟವೆಲ್ಲು ಮಡಚುತ್ತಿದ್ದ ಹೆಂಡತಿಯ ಕೈ ಒಂದು ಗಳಿಗೆ ನಿಂತು, ಮತ್ತೆ ಮಡಚತೊಡಗಿತು. ಒಂಬತ್ತು ತಿಂಗಳಿಂದ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತಿರುವವಳು ಅವಳೇ. ಎರಡಲ್ಲ ಅಂದಿದ್ದರೆ ಜಗಳಕ್ಕಾದರೂ ಒಂದು ನೆವ ಸಿಗುತ್ತಿತ್ತು.

ಕಾರ್ಖಾನೆಯಲ್ಲಿ ಅವನಿಗೆ ಉಗುರಪ್ಪ ಅಂತ ಹೆಸರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನದೆ ಇರುತ್ತಿರಲಿಲ್ಲ. ಮೂವತ್ತೊಂದು ವರ್ಷ ತಪಾಸಣೆ ಕೋಣೆಯ ಒಂದನೇ ಮೇಜಿನಲ್ಲಿ ಕುತ್ತಿಗೆ ಬಗ್ಗಿಸಿ ಕೂತು, ಪಂಪಿಗೆ ಹೋಗುವ ಉಂಗುರದಂಥ ಹಿತ್ತಾಳೆ ಬುಷ್ಷುಗಳನ್ನು ಒಂದೊಂದಾಗಿ ದೀಪದ ಕೆಳಗೆ ತಿರುಗಿಸಿ, ಕೊನೆಗೆ ಹೆಬ್ಬೆರಳಿನ ತುದಿಯನ್ನು ಅಂಚಿನ ಸುತ್ತ ಆಡಿಸಿ, ಉಗುರಿನಿಂದ ಒಮ್ಮೆ ಮೀಟಿ, ಪಾಸೋ ಫೇಲೋ ಹೇಳುವುದು ಅವನ ಕೆಲಸ. ಲೋಹ ಕೊರೆದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳು ಉಳಿದುಬಿಡುತ್ತದೆ. ಅದಕ್ಕೆ ಬರ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಗೇಜು ಹಾಕಿದರೆ ಅಳತೆ ಸರಿಯಾಗೇ ಇರುತ್ತದೆ. ಬೆರಳಿಗೆ ಮಾತ್ರ ಗೊತ್ತಾಗುವ ಕಳ್ಳ ಅದು. ಆ ಬೆರಳು ತನಗೊಬ್ಬನಿಗೇ ಇದೆ ಎಂದು ಅವನು ನಂಬಿದ್ದ. ಲೇತ್ ಮಿಷನ್ನಿನವರು ದಂಡಪಿಂಡಗಳು, ಪ್ಯಾಕಿಂಗಿನವರು ಕುರಿಗಳು, ಮ್ಯಾನೇಜರು ಅಪ್ಪನ ಹೆಸರು ಹೇಳಿಕೊಂಡು ಬಂದವನು, ಹೆಂಡತಿಯ ತಮ್ಮ ಬಾಯಿಬಡುಕ. ಅವನಂತೂ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ "ಭಾವ, ಕುತ್ತಿಗೆ ಆಪರೇಶನ್ ಅಂದ್ರೆ ಈಗ ಹಲ್ಲು ಕೀಳಿಸಿದ ಹಾಗೆ, ಸುಮ್ನೆ ಹೆದರಬೇಡಿ" ಅಂದಿದ್ದ. "ನಾನು ಹೆದರಿದೀನಿ ಅಂತ ನಿಂಗ್ಯಾರು ಹೇಳಿದ್ದು?" ಎಂದು ಇವನು ಫೋನು ಇಟ್ಟಿದ್ದ. ಇಟ್ಟ ಮೇಲೆ ಖಾಲಿ ಲೋಟವನ್ನು ಎರಡು ಸಲ ಬಾಯಿಗೆತ್ತಿದ. ನೀರು ಕೂಡ ಕುಡಿಯಬಾರದು ಅಂದಿದ್ದರಲ್ಲ, ಅದಕ್ಕೇ ಇರಬೇಕು ಎಂದುಕೊಂಡ.

ಹೋದ ವಾರ ಸರ್ಜನ್ನನ ಕೋಣೆಯಲ್ಲಿ ನಡೆದದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸರ್ಜನ್ ಅಂದರೆ ವಯಸ್ಸಾದವನೊಬ್ಬ ಇರುತ್ತಾನೆ ಅಂದುಕೊಂಡಿದ್ದ. ಇದ್ದವನು ನುಣ್ಣಗೆ ಗಡ್ಡ ಹೆರೆದ, ಹೊಸ ಶೂ ಹಾಕಿದ ಹುಡುಗನಂಥವನು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ಇಟ್ಟುಕೊಂಡು ಅದರ ಕುತ್ತಿಗೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತ, "ನೋಡಿ ಯಜಮಾನ್ರೇ, ಇಲ್ಲಿ ಐದನೇ ಮೂಳೆಗೂ ಆರನೇ ಮೂಳೆಗೂ ನಡುವಿನ ಮೆತ್ತೆ, ಡಿಸ್ಕು, ಸವೆದು ಹಿಂದಕ್ಕೆ ಉಬ್ಬಿದೆ, ಕೈಗೆ ಹೋಗೋ ನರ ಒತ್ತುತ್ತಾ ಇದೆ. ಅದನ್ನ ತೆಗೆದುಹಾಕಿ ಇದನ್ನ ಕೂರಿಸ್ತೀವಿ" ಎಂದು ಒಂದು ಚಿಕ್ಕ ಡಬ್ಬಿಯಿಂದ ಮಾದರಿ ತೆಗೆದು ಅಂಗೈಯಲ್ಲಿ ಇಟ್ಟ. ಕೆಳಗೊಂದು ಮೇಲೊಂದು ಲೋಹದ ಬಿಲ್ಲೆ, ನಡುವೆ ಬಿಳಿ ಪ್ಲಾಸ್ಟಿಕ್ಕಿನ ದಿಂಬು, ಒಟ್ಟು ಹೆಬ್ಬೆರಳ ಉಗುರಿನಷ್ಟು. ಮೂಳೆಗೆ ಮೂಳೆ ಬೆಸೆದುಬಿಟ್ಟರೆ ಕುತ್ತಿಗೆ ಅಲ್ಲಿ ಬಗ್ಗುವುದಿಲ್ಲವಂತೆ, ಇದನ್ನು ಹಾಕಿದರೆ ಮಾಮೂಲಿನ ಹಾಗೆ ಬಗ್ಗುತ್ತದಂತೆ, ತಿರುಗುತ್ತದಂತೆ. ಹಿಂದಿನ ನೋವಿಗೆ ಮುಂದಿನಿಂದ ಕೊಯ್ಯುತ್ತಾರಂತೆ, ಅನ್ನದ ಕೊಳವೆ ಗಾಳಿಯ ಕೊಳವೆ ಎರಡನ್ನೂ ಪಕ್ಕಕ್ಕೆ ಸರಿಸಿ. ಪರದೆ ಸರಿಸುವವನ ಹಾಗೆ ಕೈ ಆಡಿಸಿ ತೋರಿಸಿದ. ಹೆಂಡತಿ ಸುಮ್ಮನಿರದೆ "ಇವರೂ ಇಂಥದ್ದನ್ನೇ ತಪಾಸಣೆ ಮಾಡೋದು, ಡಾಕ್ಟ್ರೇ" ಅಂದಳು. "ಓಹೋ, ಹಾಗಾದ್ರೆ ನೀವೇ ಹೇಳಿಬಿಡಿ, ಹೇಗಿದೆ ಫಿನಿಶಿಂಗು?" ಎಂದು ಸರ್ಜನ್ ಹಲ್ಲು ಕಿರಿದ. ಇವನು ಅದನ್ನು ಬಲಗೈಯಲ್ಲಿ ತೆಗೆದುಕೊಂಡು, ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸಲ ಆಡಿಸಿದ, ಎರಡು ಸಲ ಆಡಿಸಿದ. ಬೆರಳು ಯಾರದ್ದೋ ಆಗಿತ್ತು. ಅಂಚೂ ಇಲ್ಲ, ಲೋಹವೂ ಇಲ್ಲ, ತಣ್ಣಗೂ ಇಲ್ಲ. ಕಣ್ಣು ಮುಚ್ಚಿದ್ದರೆ ಕೈಯಲ್ಲಿ ಏನಾದರೂ ಇದೆಯೋ ಇಲ್ಲವೋ ಹೇಳಲು ಆಗುತ್ತಿರಲಿಲ್ಲ. "ಪರವಾಗಿಲ್ಲ. ಆ ಕಡೆ ಅಂಚು ಇನ್ನೂ ಸ್ವಲ್ಪ ಉಜ್ಜಬಹುದಿತ್ತು," ಅಂದ. ಸರ್ಜನ್ನನಿಗೆ ಭಾರಿ ಖುಷಿಯಾಯಿತು. ತನ್ನ ಕುತ್ತಿಗೆಯೊಳಗೆ ಹೋಗುವ ಸಾಮಾನಿಗೇ ಸುಳ್ಳು ಸರ್ಟಿಫಿಕೇಟು ಕೊಟ್ಟು ಹೊರಗೆ ಬಂದಿದ್ದ.

ಅದೇ ದಿನ ಸರ್ಜನ್ ಇನ್ನೊಂದು ಮಾತು ಹೇಳಿದ್ದ, ಶೂ ತುದಿಯನ್ನು ನೋಡಿಕೊಳ್ಳುತ್ತ. "ತೋಳಿನ ನೋವಂತೂ ಬಹುತೇಕ ಹೋಗುತ್ತೆ. ಬೆರಳಿನ ಸ್ಪರ್ಶ ವಾಪಸ್ ಬರೋದು ಮಾತ್ರ ನರ ಎಷ್ಟು ದಿನದಿಂದ ಒತ್ತಿಸಿಕೊಂಡಿದೆ ಅನ್ನೋದರ ಮೇಲೆ. ಎರಡು ತಿಂಗಳು ಅಂತೀರಲ್ಲ, ಹಾಗಾದ್ರೆ ಒಳ್ಳೇ ಭರವಸೆ ಇದೆ." ಒಂಬತ್ತಾಗಿದ್ದರೆ, ಎಂದು ಕೇಳಲು ಬಾಯಿ ತೆರೆದು, ಆಕಳಿಕೆ ಬಂದವನ ಹಾಗೆ ಮುಚ್ಚಿಕೊಂಡ. ಕೇಳುವ ಹಾಗಿರಲಿಲ್ಲ. ರಜೆಗಾಗಿ ಕಾರ್ಖಾನೆಗೆ ಹೋಗುವ ಸರ್ಟಿಫಿಕೇಟಿನಲ್ಲಿ ತೊಂದರೆ ಶುರುವಾದ ತಿಂಗಳು ಅಂತ ಒಂದು ಖಾನೆ ಇತ್ತು. ತಪಾಸಣೆಯಾಗಿ ಹೋದ ಒಂದು ಲಾಟು ಬುಷ್ಷುಗಳು ಕೆಟ್ಟಿವೆ ಎಂದು ವಾಪಸ್ ಬಂದು ಐದು ತಿಂಗಳಾಗಿತ್ತು. ಆ ಲಾಟು ಕಾರ್ಖಾನೆ ಬಿಟ್ಟು ಆರು ತಿಂಗಳು. ಎರಡು ತಿಂಗಳು ಅಂದರೆ ಅವನು ಬಚಾವು, ಒಂಬತ್ತು ಅಂದರೆ ಲಾಟು ಅವನ ತಲೆಗೆ. ಇಷ್ಟೇ ಲೆಕ್ಕ. ಮೂವತ್ತೊಂದು ವರ್ಷದಲ್ಲಿ ಅವನ ಮೇಜಿನಿಂದ ಒಂದೇ ಒಂದು ತುಂಡೂ ವಾಪಸ್ ಬಂದಿಲ್ಲ ಅನ್ನುವುದು ಅವನ ಹೆಮ್ಮೆ. ಅದನ್ನು ಅವನು ಮದುವೆಮನೆಯಲ್ಲಿ ಹೇಳಿದ್ದ, ಸಾವಿನ ಮನೆಯಲ್ಲೂ ಹೇಳಿದ್ದ.

ಲಾಟು ಹೋದ ಆವತ್ತಿನ ದಿನ ಎಲ್ಲಿಂದ ಹಿಡಿದರೂ ಒಂದೇ ಕಡೆ ಬಂದು ನಿಲ್ಲುತ್ತದೆ. ಒಂದನೇ ಮೇಜಿನ ತಟ್ಟೆಗಳು ಬೇರೆ, ಎರಡನೇ ಮೇಜಿನ ತಟ್ಟೆಗಳು ಬೇರೆ. ತಟ್ಟೆಯ ಚೀಟಿಯ ಮೇಲೆ ಮೇಜಿನ ಸಂಖ್ಯೆ ಇರಬೇಕು, ಒಂದರ ಸಾಮಾನು ಇನ್ನೊಂದಕ್ಕೆ ಬೆರೆಸಬಾರದು. ಈ ಕಟ್ಟಳೆ ಮಾಡಿದವನೂ ಅವನೇ, ಬೆರೆಸಿದ ಹೊಸಬರಿಗೆ ಎಲ್ಲರೆದುರು ಮುಖಕ್ಕೆ ಉಗಿಯುತ್ತಿದ್ದವನೂ ಅವನೇ. ಆಗ ಜೋಮು ಹಿಡಿದು ಮೂರು ತಿಂಗಳಾಗಿತ್ತು. ಬೆರಳು ಸತ್ತಿದೆ ಅಂತ ಯಾರಿಗೂ ಹೇಳದೆ, ಕಣ್ಣಲ್ಲೇ ನೋಡಿ, ಅಭ್ಯಾಸಬಲದಿಂದ ಹೆಬ್ಬೆರಳು ಆಡಿಸಿ ಪಾಸು ಪಾಸು ಅಂತ ಇಡುತ್ತಿದ್ದ. ಕಡೆಯ ತಟ್ಟೆ ಮುಗಿದಾಗ, ಇವು ವಾಪಸ್ ಬಂದರೆ ಚೀಟಿ ತನ್ನ ಮೇಜನ್ನೇ ತೋರಿಸುತ್ತದೆ ಎಂದು ಹೊಳೆಯಿತು. ಲಾರಿ ಕಾಯುತ್ತಿದೆ ಎಂದು ಕೂಗುತ್ತ ಎದ್ದು, ತನ್ನ ತಟ್ಟೆಗಳನ್ನೂ ಎರಡನೇ ಮೇಜಿನವಳ ತಟ್ಟೆಗಳನ್ನೂ ತಾನೇ ಒಂದೇ ಪೆಟ್ಟಿಗೆಗೆ ಸುರಿದ. "ಸಾರ್, ಚೀಟಿ?" ಎಂದು ಅವಳು ಕೇಳಿದಳು. "ಚೀಟಿಗೆ ಬೆಂಕಿ ಹಾಕು, ಲಾರಿ ನಿಂತಿದೆ ಕಾಣಲ್ವಾ?" ಅಂದ. ಲಾರಿ ನಿಂತಿದ್ದು ನಿಜ. ಇನ್ನೊಂದು ಗಂಟೆ ನಿಂತಿರುತ್ತಿದ್ದದ್ದೂ ನಿಜ. ಒಂದು ತಿಂಗಳಿಗೆ ಪೆಟ್ಟಿಗೆ ವಾಪಸ್ ಬಂತು. ಬರ್ ರಬ್ಬರ್ ಸೀಲನ್ನು ಕೊಯ್ದು ಪಂಪುಗಳೆಲ್ಲ ಸೋರಿದ್ದವು. ಯಾರ ಮೇಜಿನದು ಅಂತ ಪತ್ತೆ ಮಾಡಿ ಬರೆಯಿರಿ ಎಂದು ಮ್ಯಾನೇಜರು ಕೊಟ್ಟದ್ದು ಯಾರ ಕೈಗೆ? ಉಗುರಪ್ಪನ ಕೈಗೆ. ಮತ್ತಾರಿಗೆ ಕೊಡುತ್ತಾರೆ! "ಎರಡನೇ ಮೇಜಿನವರ ಅಜಾಗ್ರತೆ" ಎಂದು ಬರೆದ. ಅವಳನ್ನು ಕರೆಸಿ ಕೇಳಿದಾಗ "ನಾನು ಎಲ್ಲಾ ನೋಡಿದ್ದೆ ಸಾರ್, ಒಂದೊಂದೂ ಮುಟ್ಟಿ ನೋಡಿದ್ದೆ" ಎಂದು ಎರಡು ಸಲ ಹೇಳಿ, ಅವನ ಮುಖ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಆಮೇಲೆ ಕೆಲವು ದಿನ ಅವಳ ಮೇಲೆ ಅವನಿಗೆ ವಿಪರೀತ ಸಿಟ್ಟು ಬರುತ್ತಿತ್ತು. ಕಿರುಚಬಾರದಿತ್ತೇ, ಪೆಟ್ಟಿಗೆಗೆ ಸುರಿದದ್ದು ಯಾರು ಅಂತ ಕೇಳಬಾರದಿತ್ತೇ, ಹೆಂಗಸಿಗೆ ಅಷ್ಟೂ ಬಾಯಿಲ್ಲವೇ. ಹೀಗೆ ಬೈದುಕೊಂಡರೆ ರಾತ್ರಿ ಊಟ ಸೇರುತ್ತಿತ್ತು.

ಹತ್ತೂವರೆಗೆ ಆಸ್ಪತ್ರೆ ಕೋಣೆಯ ಬಾಗಿಲು ಸರಿದು ಆ ಎರಡನೇ ಮೇಜಿನವಳೇ ಒಳಗೆ ಬಂದಳು. ಪ್ಯಾಕಿಂಗಿನವರ ನೀಲಿ ಅಂಗಿ, ಬೆರಳುಗಳಿಗೆಲ್ಲ ಅಂಟು ಪಟ್ಟಿಯ ಕೊಳೆ. ಹಾಸಿಗೆಯ ಕಾಲ ಹತ್ತಿರ ನಿಂತು "ಹೇಗಿದೀರ ಸಾರ್?" ಅಂದಳು. ಹೆಂಡತಿ ಎದ್ದು ಕುರ್ಚಿ ಕೊಟ್ಟಳು. "ಬೇಡ ಅಕ್ಕ, ನಿಂತೇ ಇರ್ತೀನಿ, ಎರಡು ಗಂಟೆ ಶಿಫ್ಟಿಗೆ ಹೋಗ್ಬೇಕು." ಹಣ್ಣು ತಂದಿಲ್ಲ, ಅಂದರೆ ಕೆಲಸವಿದೆ ಎಂದುಕೊಂಡ. ಸದ್ಯ, ಅಳುವುದಕ್ಕೆ ಬಂದಿರದಿದ್ದರೆ ಸಾಕು. ಅವಳು ಚೀಲದಿಂದ ಒಂದು ಕಾಗದ ತೆಗೆದಳು. "ಪ್ಯಾಕಿಂಗಿನಲ್ಲೇ ಕಾಯಂ ಆಗಿ ಇರ್ತೀನಿ ಅಂತ ಬರೆದು ಕೊಡು ಅಂತಿದಾರೆ ಸಾರ್. ಇವತ್ತೇ ಕೊಡಬೇಕು. ಕೊಟ್ಟರೆ ಮತ್ತೆ ತಪಾಸಣೆ ಕೋಣೆಗೆ ಬರೋ ಹಾಗಿಲ್ಲ. ನಿಮ್ಮನ್ನ ಕೇಳದೆ ಸಹಿ ಹಾಕೋಕೆ ಮನಸ್ಸು ಬರಲಿಲ್ಲ." ನನ್ನನ್ನು ಕೇಳಲು! ಅವನಿಗೆ ನಗು ಬಂತು, ಆ ನಗುವಿಗೆ ಹೇಸಿಗೆಯೂ ಆಯಿತು. "ಹಾಕಿಬಿಡಮ್ಮ. ಪ್ಯಾಕಿಂಗಿನಲ್ಲಿ ತಲೆನೋವಿಲ್ಲ. ನಿನಗೂ ಕುತ್ತಿಗೆ ಉಳಿಯುತ್ತೆ," ಅಂದ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಹಿಂದಿನ ದಿನವೇ ಬಾಯಿಪಾಠ ಮಾಡಿಟ್ಟ ಹಾಗಿತ್ತು.

ಅವಳು ಕಾಗದ ಮಡಚಲೂ ಇಲ್ಲ, ಸಹಿ ಹಾಕಲೂ ಇಲ್ಲ. "ಅದಲ್ಲ ಸಾರ್. ನಂಗೆ ನನ್ನ ಬೆರಳಿನ ಮೇಲೇ ನಂಬಿಕೆ ಹೋಗಿದೆ," ಅಂದಳು. "ನೋಡಿದ್ದೆ ಅಂತ ಆವತ್ತು ಹೇಳ್ದೆ. ಆಮೇಲೆ ಯೋಚನೆ ಮಾಡ್ದೆ, ನೀವು ಬರೆದಿದೀರ ಅಂದ್ರೆ ಸುಳ್ಳಾಗಲ್ಲ. ಅಂದ್ರೆ ನನ್ನ ಬೆರಳೇ ನಂಗೆ ಸುಳ್ಳು ಹೇಳಿರಬೇಕು. ಮನೇಲಿ ಲೋಟದ ಅಂಚು, ತಟ್ಟೆ ಅಂಚು, ಕತ್ತರಿ, ಸಿಕ್ಕಿದ್ದನ್ನೆಲ್ಲ ಸವರಿ ನೋಡ್ತೀನಿ. ಇದೆ ಅನ್ಸುತ್ತೆ, ಮತ್ತೆ ಇಲ್ಲ ಅನ್ಸುತ್ತೆ. ಮಗಳು ನಗ್ತಾಳೆ, ಅಮ್ಮಂಗೆ ಹುಚ್ಚು ಅಂತ." ಚೀಲಕ್ಕೆ ಕೈಹಾಕಿ ಒಂದು ಹಿತ್ತಾಳೆ ಬುಷ್ಷು ತೆಗೆದಳು. ಪ್ಯಾಕಿಂಗಿಗೆ ಬಂದದ್ದರಲ್ಲಿ ಒಂದು, ಪಾಸಾದದ್ದು. "ಇದರ ಅಂಚಲ್ಲಿ ಇಲ್ಲೊಂದು ಕಡೆ ಬರ್ ಇದೆ ಅನ್ಸುತ್ತೆ ನಂಗೆ. ನೀವು ನೋಡಿ ಹೇಳಿ. ಇದೆ ಅಂದ್ರೆ ನನ್ನ ಕೈ ಸರಿ ಇದೆ, ಈ ಕಾಗದ ಕೊಡಲ್ಲ. ಇಲ್ಲ ಅಂದ್ರೆ ಇಲ್ಲೇ ಸಹಿ ಹಾಕ್ತೀನಿ."

ಬುಷ್ಷು ಅವನ ಅಂಗೈಗೆ ಬಿತ್ತು. ದಡ್ಡಿ, ಎಂದುಕೊಂಡ. ಇಂಥ ದಡ್ಡಿಯನ್ನು ಲೋಕದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ತನ್ನ ಕೈ ಕಡಿದವನ ಹತ್ತಿರವೇ ಬಂದು ಕೈ ಇದೆಯಾ ನೋಡಿ ಅನ್ನುತ್ತಾಳಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟ. ಮೂವತ್ತೊಂದು ವರ್ಷದ ಅಭ್ಯಾಸ, ಬೆರಳು ತಾನಾಗಿಯೇ ಸುತ್ತ ಹೋಯಿತು, ಎಲ್ಲಿ ನಿಧಾನಿಸಬೇಕೋ ಅಲ್ಲಿ ನಿಧಾನಿಸಿತು, ಉಗುರು ಎಲ್ಲಿ ಮೀಟಬೇಕೋ ಅಲ್ಲಿ ಮೀಟಿತು. ನೋಡುವವರಿಗೆ ಏನೂ ಕುಂದು ಕಾಣುತ್ತಿರಲಿಲ್ಲ. ಅವನಿಗೆ ಏನೂ ಗೊತ್ತಾಗಲಿಲ್ಲ. ಇದೆ ಅಂದುಬಿಡಬಹುದಿತ್ತು. ಇದೆ ಅಂದರೆ ಅವಳು ಕಾಗದ ಕೊಡದೆ ಮತ್ತೆ ಎರಡನೇ ಮೇಜಿಗೆ ಬಂದು, ದಿನಾ ಮಗ್ಗುಲಲ್ಲಿ ಕೂತು, ಇವನ ಬೆರಳು ನೋಡುತ್ತಿರುತ್ತಾಳೆ. ಆ ಯೋಚನೆ ಬಂದು ಹೋಗುವುದರೊಳಗೆ ಬಾಯಿ ತನ್ನ ಕೆಲಸ ಮಾಡಿ ಮುಗಿಸಿತ್ತು. "ಇಲ್ಲಮ್ಮ. ನುಣ್ಣಗಿದೆ."

ಅವಳು ತಲೆಯಾಡಿಸಿದಳು. ಬೇಜಾರು ಕೂಡ ಕಾಣಲಿಲ್ಲ, ಇಷ್ಟು ದಿನದ ಒದ್ದಾಟ ಮುಗಿಯಿತಲ್ಲ ಅನ್ನುವಂಥ ಸುಸ್ತು ಮಾತ್ರ. ಮಾತ್ರೆ ಇಡುವ ಚಿಕ್ಕ ಮೇಜಿನ ಮೇಲೆ ಕಾಗದ ಹರವಿ, ಪೆನ್ನಿಗಾಗಿ ತಡಕಾಡಿದಳು. ಅಷ್ಟರಲ್ಲಿ ಹೆಂಡತಿ ಎದ್ದು ಬಂದು ಅವನ ಅಂಗೈಯಿಂದ ಬುಷ್ಷು ಎತ್ತಿಕೊಂಡಳು. ಜನ್ಮದಲ್ಲಿ ಒಂದು ದಿನ ಕಾರ್ಖಾನೆಯೊಳಗೆ ಕಾಲಿಟ್ಟವಳಲ್ಲ. ತರಕಾರಿ ಹೆಚ್ಚಿ ಹೆಚ್ಚಿ ಗೀರು ಬಿದ್ದ ಹೆಬ್ಬೆರಳನ್ನು ಅಂಚಿನ ಮೇಲೆ ಒಂದು ಸುತ್ತು ಆಡಿಸಿ, "ಹಾ!" ಎಂದು ಕೈ ಹಿಂದಕ್ಕೆಳೆದಳು. "ಇಲ್ಲಿ ಚುಚ್ಚುತ್ತಲ್ಲ," ಅಂದಳು. ಅವನಿಗೆ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಬುಷ್ಷಿಗೇ ಹೇಳಿದ ಹಾಗೆ ಹೇಳಿ, ಅದನ್ನು ಕಾಗದದ ಮೇಲೆ ಇಟ್ಟು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತಳು.

ಎರಡನೇ ಮೇಜಿನವಳು ಬುಷ್ಷು ಮುಟ್ಟಲಿಲ್ಲ. ಅವನ ಬಲಗೈಯನ್ನೇ ನೋಡಿದಳು, ಆಮೇಲೆ ಹಾಸಿಗೆಯ ತಲೆಕಡೆ ಬೋರ್ಡಿನಲ್ಲಿ ಬರೆದ ಕುತ್ತಿಗೆ ನರದ ಆಪರೇಶನ್ನಿನ ಹೆಸರು ನೋಡಿದಳು, ಮತ್ತೆ ಕೈ ನೋಡಿದಳು. "ಸಾರ್, ನಿಮ್ಮ ಕೈ ಯಾವಾಗಿಂದ ಹೀಗಿದೆ?" ಎರಡು ತಿಂಗಳು, ಎಂದು ನಾಲಗೆ ತುದಿಯಲ್ಲಿತ್ತು. ಮೂರು ಸಲ ಹೇಳಿ ರೂಢಿಯಾದ ಮಾತು. ಹೆಂಡತಿಯ ಕಡೆ ನೋಡಿದ. ಅವಳು ಮುಖ ಎತ್ತಿ ಅವನನ್ನೇ ನೋಡುತ್ತಿದ್ದಳು. ಒಂಬತ್ತು ತಿಂಗಳು ದಿನಾ ಹತ್ತಿರ ನಿಂತು ಗುಂಡಿ ಹಾಕಿದವಳು, ಒಮ್ಮೆಯೂ ಹೀಗೆ ನೋಡಿರಲಿಲ್ಲ. ತಾನು ಜೀವಮಾನವಿಡೀ ಎಲ್ಲರನ್ನೂ ಕೀಳಾಗಿ ಕಾಣುತ್ತ ಮೆರೆಯುತ್ತಿದ್ದಾಗ ಮನೆಯಲ್ಲೇ ಒಬ್ಬಳು ತನ್ನನ್ನು ಸದ್ದಿಲ್ಲದೆ ತೂಗಿ ಇಟ್ಟಿದ್ದಾಳೆ ಅಂತ ಗೊತ್ತಾಯಿತು. "ನೀವೇ ಹೇಳಿ," ಅಂದಳು ಹೆಂಡತಿ. "ಒಂಬತ್ತು," ಅಂದ ಅವನು. "ಒಂಬತ್ತು ತಿಂಗಳು."

ಎರಡನೇ ಮೇಜಿನವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಕಾದ. ಬೈದರೆ ತಡೆದುಕೊಳ್ಳಬಹುದು, ಅತ್ತರೆ "ಸುಮ್ನಿರಮ್ಮ" ಅನ್ನಬಹುದು. ಅವಳು ಎರಡನ್ನೂ ಮಾಡಲಿಲ್ಲ. "ಲಾಟು ಹೋಗೋಕೆ ಮೂರು ತಿಂಗಳು ಮುಂಚೆಯಿಂದ," ಎಂದು ಮೆಲ್ಲಗೆ ಹೇಳಿಕೊಂಡು, ತನ್ನ ಕಾಗದವನ್ನು ಮಗುಚಿ ಖಾಲಿ ಬೆನ್ನು ಮೇಲೆ ಮಾಡಿ, ಪೆನ್ನನ್ನು ಅವನ ಮುಂದೆ ಇಟ್ಟಳು. "ಬರೆದು ಕೊಡಿ." ಆಪರೇಶನ್ ಆಗಿ ಬರಲಿ, ಕೈ ಸರಿಹೋಗಲಿ, ಆಮೇಲೆ ನೀಟಾಗಿ ಟೈಪ್ ಮಾಡಿಸಿಯೇ ಕೊಡುತ್ತೇನೆ ಎಂದ. "ಈಗ ಸಾರ್. ಎರಡು ಗಂಟೆಗೆ ಕೇಳ್ತಾರೆ." ಸ್ಟ್ರೆಚರ್ ತಳ್ಳಿಕೊಂಡು ಬಂದ ವಾರ್ಡಿನವನಿಗೆ ಅವಳೇ ತಿರುಗಿ "ಐದು ನಿಮಿಷ ಇರಣ್ಣ" ಅಂದಳು. ಅವನು ಗೋಡೆಗೊರಗಿ ನಿಂತ.

ಪೆನ್ನು ಹೆಬ್ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಮುಷ್ಟಿಯಲ್ಲಿ ಹಿಡಿದು ಬರೆದ. ಬರೆಯುತ್ತಾ ಬರೆಯುತ್ತಾ ಅವನಿಗೆ ಅಳು ಬಂತು, ತನ್ನ ಮೇಲೆ ತನಗೇ ಕನಿಕರ ಉಕ್ಕಿತು. ಮೂವತ್ತೊಂದು ವರ್ಷದ ಸೇವೆ, ಕುತ್ತಿಗೆ ಸವೆದದ್ದು, ತೋಳಿನ ಉರಿ, ನಿದ್ದೆಯಿಲ್ಲದ ದಿನಗಳು, ಬೆರಳು ಮರಗಟ್ಟಿದ್ದು, ಇದರಿಂದಾಗಿ ಕೆಲವು ತುಂಡುಗಳು ಕಣ್ತಪ್ಪಿ ಹೋಗಿರುವ ಸಂಭವ, ಎಲ್ಲ ಬರೆದ. ಓದಿದರೆ ಯಾರಿಗಾದರೂ ಕರುಳು ಚುರುಕ್ಕೆನ್ನಬೇಕು, ಹಾಗಿತ್ತು. ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದು ಸಾಲನ್ನೂ ಬಿಡದೆ, ಬೆರಳಿಟ್ಟು ಓದಿದಳು. ಓದಿ ವಾಪಸ್ ಅವನ ಮುಂದಿಟ್ಟಳು. "ಇದರಲ್ಲಿ ನಿಮ್ಮ ಕಾಯಿಲೆ ಇದೆ ಸಾರ್. ನಾನೆಲ್ಲಿದೀನಿ?"

ವಾರ್ಡಿನವನು ಕೆಮ್ಮಿದ. ಇವನು ತಾನು ಬರೆದದ್ದರ ಮೇಲೆಲ್ಲ ಉದ್ದಕ್ಕೆ ಗೀಟು ಹಾಕಿ, ಕೆಳಗೆ ಉಳಿದ ಜಾಗದಲ್ಲಿ ಸೊಟ್ಟಸೊಟ್ಟಗೆ ಬರೆದ: ಎರಡನೇ ಮೇಜಿನವರ ತಪ್ಪಲ್ಲ. ತಟ್ಟೆಗಳನ್ನು ಬೆರೆಸಿದ್ದು ನಾನು. ಬೇಕೆಂದೇ ಬೆರೆಸಿದೆ. ವರದಿಯಲ್ಲಿ ಸುಳ್ಳು ಬರೆದೆ. ಸಹಿ ಹಾಕುವಾಗ ಕೈ ತನ್ನದಲ್ಲದ ಹಾಗೆ ಅಡ್ಡಾದಿಡ್ಡಿ ಹೋಯಿತು. ಅವಳು ಓದಿ, ನಾಲ್ಕಾಗಿ ಮಡಚಿ, ಚೀಲದೊಳಗೆ ಹಾಕಿಕೊಂಡಳು. ಪರವಾಗಿಲ್ಲ ಸಾರ್ ಅನ್ನಬಹುದು, ಒಳ್ಳೇದಾಗ್ಲಿ ಸಾರ್ ಅನ್ನಬಹುದು ಎಂದು ಅವಳ ಬಾಯನ್ನೇ ನೋಡುತ್ತಿದ್ದ. ಅದು ಬೇಕಾಗಿತ್ತು ಅವನಿಗೆ, ಮೈಯೆಲ್ಲ ಅದಕ್ಕಾಗಿ ಕಾಯುತ್ತಿತ್ತು. "ಡಾಕ್ಟ್ರಿಗೂ ಒಂಬತ್ತು ಅಂತಲೇ ಹೇಳಿ," ಅಂದಳು ಅವಳು. "ಬರ್ತೀನಿ ಅಕ್ಕ." ಹೋದಳು.

ಸ್ಟ್ರೆಚರಿಗೆ ಹತ್ತಿಸಿ, ಹೊದಿಕೆ ಎಳೆದು, ಬಾಗಿಲ ತನಕ ತಳ್ಳುವಷ್ಟರಲ್ಲಿ ಚಿಕ್ಕ ಡಾಕ್ಟರಮ್ಮ ಅದೇ ಫಾರಮ್ಮು ಹಿಡಿದುಕೊಂಡು ಎದುರಾದಳು. ಅಂಗಾತ ಮಲಗಿದವನಿಗೆ ಅವಳ ಮುಖ ತಲೆಕೆಳಗಾಗಿ ಕಂಡಿತು. "ಡಾಕ್ಟ್ರಮ್ಮ," ಅಂದ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಅಷ್ಟು ಸಣ್ಣಗೆ ಬಂದಿತ್ತು. "ಎರಡಲ್ಲ. ಒಂಬತ್ತು ತಿಂಗಳಾಯ್ತು." ಅವಳು ಎರಡರ ಮೇಲೆ ಗೀರು ಹಾಕಿ ಒಂಬತ್ತು ಬರೆದಳು. ಪೆನ್ನು ನಿಂತಿತು. ಮುಖ ಬದಲಾಯಿತು. "ದೊಡ್ಡ ಡಾಕ್ಟ್ರಿಗೆ ಹೇಳ್ಬೇಕಾಗುತ್ತೆ. ಆಪರೇಶನ್ ಮಾಡ್ತಾರೆ, ನೋವು ಹೋಗಬಹುದು. ಬೆರಳು ಮಾತ್ರ..." ಅರ್ಧಕ್ಕೆ ಬಿಟ್ಟು, ತಡೆಯಲಾರದೆ ಕೇಳಿಬಿಟ್ಟಳು: "ಒಂಬತ್ತು ತಿಂಗಳು! ಇಷ್ಟು ದಿನ ಏನ್ಮಾಡ್ತಾ ಇದ್ರಿ ಸರ್ ನೀವು?"

"ಬೇರೆಯವರ ಕೆಲಸ ಸರಿ ಇದೆಯಾ ಇಲ್ವಾ ಅಂತ ನೋಡ್ತಾ ಇದ್ದೆ," ಅಂದ ಅವನು.